ನಾಯಿಯ ಕಣ್ಣಿನಿಂದ ಬೇಲಿ

ನಮ್ಮ ಕೆಂಚ ಜಾತಿನಾಯಿಯಲ್ಲ. ಬೀದಿಯಲ್ಲಿ ಸಿಕ್ಕ ಮರಿ. ಮಗಳು ಎತ್ತಿಕೊಂಡು ಬಂದಳು, ನಮಗೆ ಬೇಡವೆನ್ನಲಾಗಲಿಲ್ಲ. ಮನೆಯ ಸುತ್ತ ಎದೆಮಟ್ಟ ಬೆಳೆದ ದಾಸವಾಳದ ಬೇಲಿಯಿತ್ತು. ‘ಇಷ್ಟು ಎತ್ತರದ ಬೇಲಿಯಿರುವಾಗ ನಾಯಿ ಎಲ್ಲಿಗೆ ಹೋದೀತು?’ ಎಂದು ನಿಶ್ಚಿಂತೆಯಿಂದಿದ್ದೆವು.

ಒಂದು ಸಂಜೆ ಕೆಂಚ ಬೇಲಿಯ ಬುಡದಲ್ಲಿ ನುಸುಳಿ ರಸ್ತೆಗೆ ಓಡಿತು. ಅದನ್ನು ತಪ್ಪಿಸಲು ಹೋದ ಸ್ಕೂಟರ್ ಸವಾರರು ಬಿದ್ದು ಕೈ ಮುರಿದುಕೊಂಡರು. ಕೆಂಚನ ಹಿಂಗಾಲೂ ಮುರಿಯಿತು. ತಪ್ಪು ನಾಯಿಯದಲ್ಲ, ಸವಾರರದೂ ಅಲ್ಲ. ಬೇಲಿ ಹಾಕಿದ ನನ್ನದು.

ಆಗ ಒಂಬತ್ತನೇ ತರಗತಿಯಲ್ಲಿದ್ದ ಮಗಳು ಮರುದಿನ ಒಂದು ಕೆಲಸ ಮಾಡಿದಳು. ಅಂಗಳದಲ್ಲಿ ಬೋರಲು ಮಲಗಿ, ನಾಯಿಯ ಕಣ್ಣಿನ ಮಟ್ಟದಿಂದ ಬೇಲಿಯನ್ನು ಉದ್ದಕ್ಕೂ ನೋಡುತ್ತ ಹೋದಳು. ನಿಂತು ನೋಡಿದರೆ ಹಸಿರು ಗೋಡೆಯಂತಿದ್ದ ಬೇಲಿಯಲ್ಲಿ ಏಳು ಕಂಡಿಗಳು ಸಿಕ್ಕವು! ‘ಅಪ್ಪಾ, ನಾವು ಬೇಲಿಯ ತಲೆ ನೋಡಿದೆವು, ಕೆಂಚ ಬುಡ ನೋಡಿದ’ ಎಂದಳು. ಅಂದಿನಿಂದ ಬೇಲಿಯ ಬಗ್ಗೆ ಯಾರು ಕೇಳಿದರೂ ನಾನು ಹೇಳುವುದು ಈ ಮಾತನ್ನೇ.

ನಾಯಿಯನ್ನು ತಡೆಯುವುದು ಬೇಲಿಯ ಎತ್ತರಕ್ಕಿಂತ ಹೆಚ್ಚಾಗಿ ಅದರ ಬುಡದ ದಟ್ಟಣೆ. ದಾಸವಾಳ ಚೆಂದ, ಆದರೆ ವಯಸ್ಸಾದಂತೆ ಬುಡ ಬರಿದಾಗುತ್ತದೆ. ನೆಲದಿಂದಲೇ ಕವಲೊಡೆಯುವ, ಕತ್ತರಿಸಿದಷ್ಟೂ ಒತ್ತಾಗುವ ಗಿಡ ಬೇಕು. ನನ್ನ ಮೊದಲ ಆಯ್ಕೆ ಕವಳೆ. ಕೆಲವೆಡೆ ಇದನ್ನು ಕರಂಡೆ ಎನ್ನುತ್ತಾರೆ. ಗಟ್ಟಿ ಮುಳ್ಳು, ಹೆಣೆದುಕೊಳ್ಳುವ ಕೊಂಬೆ; ಬೇರೂರಿದ ಮೇಲೆ ನೀರೂ ಹೆಚ್ಚು ಬೇಡ. ಮೇಲಾಗಿ ಉಪ್ಪಿನಕಾಯಿಗೆ ಕಾಯಿ, ಮಕ್ಕಳಿಗೆ ಹಣ್ಣು. ಬೇಗ ಬೆಳೆಯಬೇಕೆನ್ನುವವರು ಸೀಮೆಹುಣಸೆ ಹಾಕಬಹುದು. ಆದರೆ ಅದನ್ನು ಆಗಾಗ ಕತ್ತರಿಸದಿದ್ದರೆ ಮರವಾಗಿ ಮೇಲೆದ್ದು ಬುಡ ಖಾಲಿಯಾಗುತ್ತದೆ.

ಕೆಲವು ಗಿಡಗಳನ್ನು ಮಾತ್ರ ದೂರವಿಡಿ. ಕಣಗಿಲೆಯ ಪ್ರತಿ ಭಾಗವೂ ವಿಷ. ಹೃದಯಕ್ಕೇ ಪೆಟ್ಟು ಕೊಡುತ್ತದೆ. ನರ್ಸರಿಗಳಲ್ಲಿ ಸುಲಭವಾಗಿ ಸಿಗುವ ದುರಂತದ ಹಳದಿ ಕಾಯಿಗಳು ನಾಯಿಗೂ ಮಕ್ಕಳಿಗೂ ಅಪಾಯಕಾರಿ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಕುತ್ತು. ಹೊಲದ ಬದುಗಳಲ್ಲಿ ಹಾಕುವ ಕಾಡುಹರಳಿನ ಬೀಜವೂ ವಿಷವೇ. ಮರಿನಾಯಿ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ನೆಡುವ ಕ್ರಮ ಸರಳ. ಮುಂಗಾರಿಗೆ ಮೊದಲೇ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ. ಎರಡಡಿಗೊಂದರಂತೆ ಎರಡು ಸಾಲು ನೆಡಿ. ಒಂದು ಸಾಲಿನ ಗಿಡ ಇನ್ನೊಂದರ ಸಂದಿಗೆ ಎದುರಾಗಿರಲಿ. ಗಿಡ ಒಂದಡಿ ಆದಾಗ ತುದಿ ಚಿವುಟಿ. ಇಲ್ಲಿ ಹಲವರ ಮನಸ್ಸು ಬರುವುದಿಲ್ಲ. ಬೆಳೆಯುವ ಗಿಡವನ್ನು ಕತ್ತರಿಸುವುದೇ ಎನ್ನುತ್ತಾರೆ. ಆದರೆ ತುದಿ ಹೋದರೇ ಬುಡದಲ್ಲಿ ಕವಲು. ಮುಂದೆಯೂ ಬುಡ ಅಗಲ, ತಲೆ ಕಿರಿದಾಗಿರುವಂತೆ ಕತ್ತರಿಸಿ. ಆಗ ಕೆಳಗಿನ ಎಲೆಗಳಿಗೂ ಬಿಸಿಲು ತಾಗುತ್ತದೆ.

ವಿದ್ಯಾರ್ಥಿಗಳಿಗೊಂದು ಸ್ವಾರಸ್ಯದ ವಿಷಯ. ಉಪ್ಪಿನ ತೆರಿಗೆ ತಪ್ಪಿಸಿ ಸಾಗಿಸುವವರನ್ನು ತಡೆಯಲು ಬ್ರಿಟಿಷರು ಉತ್ತರ ಭಾರತದಲ್ಲಿ ನೂರಾರು ಮೈಲಿ ಉದ್ದದ ಬೇಲಿ ಹಾಕಿದ್ದರು. ಮೊದಲು ಹಾಕಿದ ಒಣ ಮುಳ್ಳಿನ ಬೇಲಿಯನ್ನು ಗೆದ್ದಲು ತಿಂದಿತು, ಗಾಳಿ ಕೆಡವಿತು. 1867ರಿಂದ 1870ರವರೆಗೆ ಅದರ ಅಧಿಕಾರಿಯಾಗಿದ್ದ ಎ.ಓ. ಹ್ಯೂಮ್ ಹಸಿರು ಬೇಲಿ ಬೆಳೆಸಲು ಹೊರಟರು. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಹ್ಯೂಮ್ ಇವರೇ! ಜಾಲಿ, ಬೋರೆ, ಪಾಪಾಸುಕಳ್ಳಿಗಳ ಜತೆಗೆ ಅಲ್ಲಿಯೂ ಕವಳೆಯಿತ್ತು. 1879ರಲ್ಲಿ ಆ ಬೇಲಿಯನ್ನು ಕೈಬಿಟ್ಟರು. ಬಡವರ ಉಪ್ಪಿಗೆ ಅಡ್ಡ ನಿಂತ ಗಿಡ ನಮ್ಮ ಮನೆಯಲ್ಲಿ ನಾಯಿಯನ್ನು ಕಾಯುವುದಾದರೆ ಅದಕ್ಕೂ ಪುಣ್ಯವೇ.

ಕವಳೆ ಒತ್ತಾಗಲು ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಒಳಬದಿಗೆ ತಂತಿಬಲೆ ಇರಲಿ. ಅದರ ಅಂಚನ್ನು ಅರ್ಧ ಅಡಿ ಮಣ್ಣಿನಲ್ಲಿ ಹೂಳಿ. ನಾಯಿ ಕೆದಕುವುದು ಅಲ್ಲಿಯೇ. ಮುಳ್ಳು ನಾಯಿಯ ಕಣ್ಣಿಗೆ ತಾಗದಂತೆಯೂ ಬಲೆ ತಡೆಯುತ್ತದೆ. ಗೇಟಿನ ಕೆಳಗಿನ ಸಂದಿಯನ್ನು ಮರೆಯಬೇಡಿ.

ಇನ್ನೊಂದು ಮಾತು ಪೋಷಕರಿಗೂ ಮಕ್ಕಳಿಗೂ. ದಿನವಿಡೀ ಕಟ್ಟಿಹಾಕಿದ ನಾಯಿ ಯಾವ ಬೇಲಿಯಲ್ಲಾದರೂ ಕಂಡಿ ಹುಡುಕೀತು. ಬೆಳಿಗ್ಗೆ, ಸಂಜೆ ಸುತ್ತಾಡಿಸಿದ ನಾಯಿಗೆ ಮನೆಯೇ ಹಿತ. ಮರಿ ಬೇಕೆಂದು ಹಟ ಹಿಡಿದವರು ಪರೀಕ್ಷೆಯ ದಿನಗಳಲ್ಲೂ ಆ ಅರ್ಧ ಗಂಟೆ ಕೊಡಬೇಕು.

ಕೆಂಚ ಈಗಲೂ ಸ್ವಲ್ಪ ಕುಂಟುತ್ತದೆ. ಬೇಲಿ ಮಾತ್ರ ಬುಡದಿಂದ ತಲೆಯವರೆಗೆ ಹೆಣೆದುಕೊಂಡಿದೆ. ಪ್ರತಿ ವರ್ಷ ಕವಳೆಯ ಉಪ್ಪಿನಕಾಯಿ ಹಾಕಿದಾಗ ಮೊದಲ ಭರಣಿ ಆ ಸ್ಕೂಟರ್ ಸವಾರರ ಮನೆಗೆ ಹೋಗುತ್ತದೆ. ಈ ಮುಂಗಾರಿಗೆ ನೀವೂ ಗಿಡ ತರಲು ಹೊರಡುವ ಮೊದಲು, ಮಕ್ಕಳ ಜತೆ ಒಮ್ಮೆ ಅಂಗಳದಲ್ಲಿ ಬೋರಲು ಮಲಗಿ ನೋಡಿ.