ಫ್ಲೆಕ್ಸಿನಲ್ಲಿ ಆಟಗಾರರಿಗೆ ಜಾಗವಿಲ್ಲ

ಹುಣಸೂರಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರಿಗೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಫ್ಲೆಕ್ಸ್. ಈ ಸಲ ಫೈನಲ್ ನಮಗೂ ಪಿರಿಯಾಪಟ್ಟಣದವರಿಗೂ ಎಂದು ಟೀ ಅಂಗಡಿಯಲ್ಲೆಲ್ಲ ಅದೇ ಮಾತು. ಬಸ್ಸು ಬರುವಷ್ಟರಲ್ಲಿ ಫ್ಲೆಕ್ಸಿನ ಮುಖಗಳನ್ನು ಎಣಿಸಿದೆ. 31. ಕೈ ಮುಗಿದವರು, ಕಿವಿಗೆ ಮೊಬೈಲ್ ಹಿಡಿದವರು, ಕೂಲಿಂಗ್ ಗ್ಲಾಸ್ ಹಾಕಿದವರು. ಎಲ್ಲರೂ ಶುಭ ಕೋರುವವರೇ. ಮೂಲೆಯಲ್ಲಿ ಒಬ್ಬ ಆಟಗಾರ ಇದ್ದ. ಅವನೂ ಪ್ರೊ ಕಬಡ್ಡಿಯ ಚಿತ್ರದಿಂದ ಕತ್ತರಿಸಿ ತಂದವನು.

ತಾಲ್ಲೂಕುಗಳ ನಡುವಿನ ಪೈಪೋಟಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಫೈನಲ್ಲಿಗೆ ರುಚಿಯೇ ಇಲ್ಲ. ದಸರಾ ಕ್ರೀಡಾಕೂಟದಲ್ಲಿ ತಾಲ್ಲೂಕು ಗೆದ್ದ ತಂಡಗಳು ಜಿಲ್ಲಾ ಮಟ್ಟದಲ್ಲಿ ಎದುರಾಗುವ ಹೊತ್ತಿಗೆ, ಕೆ.ಆರ್. ನಗರದ ಅಳಿಯ ಹುಣಸೂರಿನ ಮಾವನ ಮನೆಗೆ ಬಂದರೆ ಊಟಕ್ಕೆ ಮೊದಲು ಕೀಟಲೆ ಬಡಿಸುತ್ತಾರೆ. ‘ಆನೆ ಅಟ್ಟಿದ ಕಾಲು ನಮ್ಮವು, ನಿಮ್ಮ ರೈಡರ್ ಯಾವ ಲೆಕ್ಕ’ ಎಂದು ಎಚ್.ಡಿ. ಕೋಟೆಯವರು ಬೀಗುತ್ತಾರೆ. ಇದೆಲ್ಲ ಇರಲಿ. ನನ್ನ ತಕರಾರು ಒಂದೇ: ಈ ಕಾವೆಲ್ಲ ಯಾರ ಹೆಸರಿಗೆ ಜಮೆಯಾಗುತ್ತಿದೆ?

ಕುಸ್ತಿಯವರನ್ನು ನೋಡಿ. ದಸರಾ ಕುಸ್ತಿಗೆ ಮುನ್ನ ಮೈಸೂರಿನಲ್ಲಿ ಜೋಡಿ ಕಟ್ಟುತ್ತಾರೆ. ಊರೂರಿನ ಪೈಲ್ವಾನರು ಬಂದು ನಿಲ್ಲುತ್ತಾರೆ. ಹಿರಿಯರು ತೂಕ, ಮೈಕಟ್ಟು ನೋಡಿ ಸರಿಸಮ ಅನ್ನಿಸಿದವರ ಕೈ ಕೂಡಿಸುತ್ತಾರೆ. ಕಾವು ಏರುವುದು ಅಲ್ಲಿಂದ. ಕುಸ್ತಿಯ ಭಿತ್ತಿಪತ್ರದಲ್ಲಿ ಇಬ್ಬರು ಪೈಲ್ವಾನರ ಚಿತ್ರ, ಹೆಸರು, ಊರು, ಗರಡಿ, ಉಸ್ತಾದರ ಹೆಸರು ಇರುತ್ತವೆ. ಆ ಕುಸ್ತಿ ನಡೆಯುವ ದೊಡ್ಡಕೆರೆ ಮೈದಾನದ ಕ್ರೀಡಾಂಗಣಕ್ಕೆ ನಮ್ಮ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರ ಹೆಸರಿದೆ. ಮುಖ್ಯಮಂತ್ರಿಯಾಗಿದ್ದವರ ಹೆಸರು ಬಾಗಿಲಲ್ಲಿ. ಅಖಾಡದ ನಡುವೆ ಪೈಲ್ವಾನನೇ.

ಕಬಡ್ಡಿಗೆ ಈ ಮರ್ಯಾದೆ ಸಿಕ್ಕಿಲ್ಲ. ಆ ಪಂದ್ಯಾವಳಿಗೆ ನಾನೂ ಹೋಗಿದ್ದೆ. 7 ಗಂಟೆಗೆ ಉದ್ಘಾಟನೆ ಎಂದಿತ್ತು. ಮುಖಂಡರು ಬಂದದ್ದು 10ಕ್ಕೆ. ಹಾರ, ಶಾಲು, ಪೇಟ, ಭಾಷಣ. ಹುಡುಗರು ಮೈ ಬೆಚ್ಚಗೆ ಮಾಡಿಕೊಂಡರು, ತಣ್ಣಗಾದರು, ಮತ್ತೆ ಬೆಚ್ಚಗೆ ಮಾಡಿಕೊಂಡರು. ಫೈನಲ್ ಶುರುವಾದಾಗ ರಾತ್ರಿ 2 ಗಂಟೆ. ನಮ್ಮ ರೈಡರ್ ಹಿಂದಿನ ರಾತ್ರಿಯೆಲ್ಲ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹಾಕಿ ಬಂದವನು. ಬೋನಸ್ ಗೆರೆಗೆ ಕಾಲು ಚಾಚಿದವನು ಮಂಡಿ ಹಿಡಿದು ಕುಸಿದ. ರಾತ್ರಿಯಿಡೀ ಮುಖಂಡರ ಹೆಸರು ಕೂಗಿದ್ದ ಮೈಕು ಆಗಲೂ ಅವನ ಹೆಸರು ಹೇಳಲಿಲ್ಲ. ‘ಚೆಸ್ಟ್ ನಂಬರ್ 7’ ಎಂದಿತು. ಅವನನ್ನು ಆಸ್ಪತ್ರೆಗೆ ಸಾಗಿಸಿದ್ದು ಪಿರಿಯಾಪಟ್ಟಣದ ಹುಡುಗರು ಬಂದಿದ್ದ ಟೆಂಪೋ. 31 ಮುಖಗಳಲ್ಲಿ ಒಂದೂ ಆ ಹೊತ್ತಿಗೆ ಮೈದಾನದಲ್ಲಿರಲಿಲ್ಲ.

‘ದುಡ್ಡು ಕೊಡೋರು ಅವರೇ ಅಲ್ವೇನಪ್ಪ’ ಎನ್ನುತ್ತಾರೆ. ಕೊಟ್ಟವರನ್ನು ನೆನೆಯೋಣ, ಫ್ಲೆಕ್ಸಿನ ಕೆಳಗಿನ ಸಾಲಿನಲ್ಲಿ. ಆಟಗಾರನ ಜಾಗದಲ್ಲಿ ತಾವೇ ನಿಲ್ಲಲು ಕೊಟ್ಟ ದುಡ್ಡು ದಾನವಲ್ಲ, ಪ್ರಚಾರದ ಖರ್ಚು. ಹೆಣ್ಣುಮಕ್ಕಳ ಪಂದ್ಯಕ್ಕಂತೂ ಆ ಫ್ಲೆಕ್ಸೂ ಕಾಣುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮದೇ ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಅದಕ್ಕೆ ಮುಂಚೆ ನಮ್ಮಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೆವು?

ತಪ್ಪು ಮುಖಂಡರದ್ದಷ್ಟೇ ಅಲ್ಲ. ಪ್ರೊ ಕಬಡ್ಡಿಯ ರೈಡರ್ ಎಷ್ಟು ಅಂಕ ತಂದ ಎಂಬುದು ನಮಗೆ ಬಾಯಿಪಾಠ. ಪಕ್ಕದ ಬೀದಿಯ ರೈಡರ್ ಹೆಸರು ಗೊತ್ತಿಲ್ಲ. ಮುಂದಿನ ಸಲ ಚಂದಾ ಕೇಳಲು ಬಂದವರಿಗೆ ಮೂರು ಷರತ್ತು ಹಾಕಿ. ಫ್ಲೆಕ್ಸಿನಲ್ಲಿ ಎರಡೂ ತಂಡದ ಆಟಗಾರರ ಚಿತ್ರ, ಹೆಸರು, ಊರು ಇರಬೇಕು. ಉದ್ಘಾಟನೆ 10 ನಿಮಿಷದಲ್ಲಿ ಮುಗಿಯಬೇಕು. ಫೈನಲ್ ರಾತ್ರಿ 10ರೊಳಗೆ ಶುರುವಾಗಬೇಕು. ಒಪ್ಪದಿದ್ದರೆ ಚಂದಾ ಕೊಡಬೇಡಿ. ಆ ದುಡ್ಡನ್ನು ಮಂಡಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಿರುವ ಹುಡುಗನಿಗೆ ಕೊಡಿ. ಕೊಡುವಾಗ ಅವನ ಹೆಸರು ಕೇಳಿಕೊಳ್ಳಿ.