ಎಣ್ಣೆಯೊಳಗಿನ ನೀರು ಎಲ್ಲಿಂದ ಬಂತು?

ಮೀನುಗಾರಿಕೆಯ ಹಂಗಾಮು ತೆರೆದು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಊರಿನಿಂದ ತಮ್ಮನು ನನ್ನ ಫೋನಿಗೆ ಒಂದು ಚಿತ್ರವನ್ನು ಕಳುಹಿಸಿದನು. ಮಲ್ಪೆಯ ಬಂದರದಲ್ಲಿ ಕಟ್ಟಿದ್ದ ನಮ್ಮ ದೋಣಿಯ ಇಂಜಿನಿನ ಎಣ್ಣೆಯನ್ನು ಅಳೆಯುವ ಕಡ್ಡಿ ಅದು. ಕಡ್ಡಿಗೆ ಅಂಟಿದ್ದುದು ಕಪ್ಪು ಎಣ್ಣೆಯಲ್ಲ. ನಾನು ಲೆಕ್ಕ ಬರೆಯುವ ಹೋಟೆಲಿನ ಮೇಜಿನ ಮೇಲೆ ಆಗತಾನೆ ತಂದಿಟ್ಟಿದ್ದ ಕಾಫಿಯ ಬಣ್ಣದ ಒಂದು ಲೋಳೆ. ಕೆಳಗೆ ಎರಡೇ ಮಾತು: "ಅಣ್ಣಾ, ಹಣ ಬೇಕು. ಹೆಡ್ ಬಿಚ್ಚಬೇಕಂತೆ."

ಹಣವನ್ನು ಕಳುಹಿಸಿದೆ. ಹೆಡ್ ಬಿಚ್ಚಿದರು, ಗ್ಯಾಸ್ಕೆಟ್ ಬದಲಿಸಿದರು, ಹೊಸ ಎಣ್ಣೆ ಹೊಯ್ದರು. ದೋಣಿ ಕಡಲಿಗಿಳಿದ ನಾಲ್ಕನೆಯ ದಿವಸ ಕಡ್ಡಿಯ ಬಣ್ಣ ಪುನಃ ಕಾಫಿ. ದೋಷವಿದ್ದುದು ಹೆಡ್ಡಿನಲ್ಲಲ್ಲ, ಕಡಲ ನೀರನ್ನು ಎಳೆಯುವ ಪಂಪಿನ ಒಂದು ಸೀಲಿನಲ್ಲಿ. ಗ್ಯಾಸ್ಕೆಟ್ಟಿಗೆ ತೆತ್ತ ಹಣದ ಹತ್ತನೆಯ ಒಂದು ಪಾಲಿನಲ್ಲಿ ಆ ಕೆಲಸ ಮುಗಿಯಿತು.

ಮೇಸ್ತ್ರಿಯನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವನೊಡನೆ ನಮ್ಮವರು ಕೇಳಿದ್ದು "ಎಷ್ಟು ದಿನ ಬೇಕು?" ಎಂದು; ನಾನು ಇಲ್ಲಿಂದ ಕೇಳಿದ್ದು "ಎಷ್ಟು ಹಣ ಬೇಕು?" ಎಂದು. "ನೀರು ಎಲ್ಲಿಂದ ಬಂತು?" ಎಂದು ಯಾರೂ ಕೇಳಲಿಲ್ಲ. ಮುಂಬಯಿಯ ಹೋಟೆಲುಗಳಲ್ಲಿಯೂ ಆಫೀಸುಗಳಲ್ಲಿಯೂ ದುಡಿಯುವ ಕರಾವಳಿಯ ಬಾಂಧವರಲ್ಲಿ ಅಣ್ಣನ ದೋಣಿಗೋ ಭಾವನ ದೋಣಿಗೋ ಸಂಬಳದಿಂದ ಉಳಿಸಿದ್ದನ್ನು ಹಾಕಿದವರು ಕಡಿಮೆಯಿಲ್ಲ. ಹಣ ಕೊಡುವವನಿಗೆ ಈ ಪ್ರಶ್ನೆಯನ್ನು ಕೇಳುವ ಹಕ್ಕು ಇದೆ. ಕೇಳುವುದು ಅವನ ಕರ್ತವ್ಯವೂ ಆಗಿದೆ ಎಂಬುದೇ ನನ್ನ ವಾದ. ಇದಕ್ಕೆ ಇಂಜಿನಿಯರನ ವಿದ್ಯೆ ಬೇಕಿಲ್ಲ.

ಮೊದಲನೆಯದಾಗಿ, ಅದು ನೀರೇ ಹೌದೇ? ಇದನ್ನು ತಿಳಿಯುವ ಉಪಾಯ ನಮ್ಮ ಹೋಟೆಲಿನ ಅಡಿಗೆಯ ಮನೆಯಲ್ಲಿಯೇ ಇದೆ. ದೋಸೆಯ ಕಾವಲಿ ಕಾದಿದೆಯೋ ಎಂದು ನೋಡಲು ನಾವು ನೀರು ಚಿಮುಕಿಸುವುದಿಲ್ಲವೆ? ಅದೇ ರೀತಿ, ಒಂದು ಹಳೆಯ ತಗಡನ್ನು ನೀರಿನ ಹನಿ ಚುಂಯ್ ಎನ್ನುವಷ್ಟು ಕಾಯಿಸಿ, ಹೊಗೆಯೇಳುವಷ್ಟಲ್ಲ, ಒಲೆಯಿಂದ ಕೆಳಗಿಳಿಸಿ, ಇಂಜಿನಿನ ಎಣ್ಣೆಯ ಒಂದೆರಡು ಹನಿಗಳನ್ನು ಅದರ ಮೇಲೆ ಬಿಡತಕ್ಕದ್ದು. ಶುದ್ಧವಾದ ಎಣ್ಣೆ ಸದ್ದಿಲ್ಲದೆ ಹರಡುತ್ತದೆ. ನೀರು ಬೆರೆತಿದ್ದರೆ ಗುಳ್ಳೆಯೆದ್ದು ಚಟಪಟನೆ ಸಿಡಿಯುತ್ತದೆ. ಸಾವಿರ ಪಾಲು ಎಣ್ಣೆಯಲ್ಲಿ ಒಂದು ಪಾಲು ನೀರಿದ್ದರೂ ಈ ಸದ್ದು ಕೇಳುವುದು. ಎಣ್ಣೆ ಕಣ್ಣಿಗೆ ಹಾಲಿನಂತೆ ಕಾಣುವ ಮೊದಲೇ ಸುಳಿವು ಸಿಗುವುದರಿಂದ ಇದರ ಬೆಲೆ ಹೆಚ್ಚು. ಮುಖವನ್ನು ದೂರವಿಟ್ಟುಕೊಳ್ಳಬೇಕು, ಆ ತಗಡಿನಲ್ಲಿ ಮತ್ತೆ ಅಡಿಗೆ ಮಾಡಬಾರದು.

ಬಣ್ಣ ನೋಡಿದ ಕೂಡಲೆ ಗಾಬರಿಪಡುವುದೂ ಸರಿಯಲ್ಲ. ಒಂದು ಲೀಟರು ಡೀಸೆಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆಂದರೆ ಅನೇಕರು ನಂಬಲಿಕ್ಕಿಲ್ಲ. ಅದರ ಬಹುಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಕಿಂಚಿತ್ತು ಪಿಸ್ಟನ್ನಿನ ಪಕ್ಕದಿಂದ ಕೆಳಕ್ಕಿಳಿಯುತ್ತದೆ. ಇಂಜಿನನ್ನು ಬಂದರದೊಳಗೆ ಹತ್ತೇ ನಿಮಿಷ ಓಡಿಸಿ ನಿಲ್ಲಿಸುವ ಅಭ್ಯಾಸವಿದ್ದಲ್ಲಿ ಈ ಆವಿ ತಣಿದು, ಎಣ್ಣೆ ಹೊಯ್ಯುವ ಮುಚ್ಚಳದ ಒಳಬದಿಯಲ್ಲಿ ಕೆನೆಗಟ್ಟುವುದು. ಮುಚ್ಚಳದಲ್ಲಿ ಮಾತ್ರ ಕೆನೆಯಿದ್ದು, ಕಡ್ಡಿಯ ಎಣ್ಣೆ ಶುಭ್ರವಾಗಿದ್ದು, ಅದರ ಮಟ್ಟವೂ ಏರದಿದ್ದರೆ, ಇಂಜಿನನ್ನು ಭಾರ ಹಾಕಿ ಚೆನ್ನಾಗಿ ಕಾಯಿಸಿದಲ್ಲಿ ಅದು ತಾನಾಗಿಯೇ ಹೋಗುತ್ತದೆ. ಯಾರೂ ಹೊಯ್ಯದೆ ಎಣ್ಣೆಯ ಮಟ್ಟ ಏರುತ್ತಿದ್ದರೆ ಮಾತ್ರ ಇಂಜಿನನ್ನು ಕೂಡಲೆ ನಿಲ್ಲಿಸಬೇಕು.

ಇನ್ನು ಮುಖ್ಯವಾದ ಪ್ರಶ್ನೆ: ಬಂದ ನೀರು ಸಿಹಿಯೋ, ಉಪ್ಪೋ? ನಮ್ಮ ದೋಣಿಯಂಥವುಗಳಲ್ಲಿ ಇಂಜಿನಿನ ಒಳಗೆ ಸುತ್ತುವುದು ಸಿಹಿನೀರು. ಆ ಸಿಹಿನೀರನ್ನು ತಣಿಸುವುದು ಕಡಲಿನಿಂದ ಪಂಪು ಎಳೆದ ಉಪ್ಪುನೀರು. ಹೆಡ್ ಗ್ಯಾಸ್ಕೆಟ್ ಹೋದರೆ, ಹೆಡ್ ಸೀಳಿದರೆ, ಲೈನರಿನ ಬುಡದ ರಬ್ಬರು ಬಳೆ ಸವೆದರೆ ಎಣ್ಣೆಗೆ ಸೇರುವುದು ಸಿಹಿನೀರು; ಆಗ ಸಿಹಿನೀರಿನ ಟ್ಯಾಂಕಿನ ಮಟ್ಟ ಇಳಿಯಲೇಬೇಕು. ಪಂಪಿನ ಸೀಲು ಹೋದರೆ, ಎಣ್ಣೆಯನ್ನು ಕಡಲ ನೀರಿನಿಂದಲೇ ತಣಿಸುವ ಕೂಲರಿನ ಕೊಳವೆ ತೂತಾದರೆ, ಹೊಗೆಯ ಕೊಳವೆಯಿಂದ ತೆರೆಯ ನೀರು ಹಿಂದಕ್ಕೆ ನುಗ್ಗಿದರೆ, ದೋಣಿಯ ತಳದಲ್ಲಿ ನಿಂತ ನೀರು ಇಂಜಿನನ್ನು ಮುಟ್ಟಿದರೆ ಸೇರುವುದು ಉಪ್ಪುನೀರು. ನಮ್ಮ ದೋಣಿಯ ಸಿಹಿನೀರಿನ ಟ್ಯಾಂಕು ಒಂದು ಬೆರಳಿನಷ್ಟೂ ಇಳಿದಿರಲಿಲ್ಲವೆಂದು ತಮ್ಮನು ನನಗೆ ಹೇಳಿದ್ದು ಗ್ಯಾಸ್ಕೆಟ್ ಹಾಕಿಯಾದ ಮೇಲೆ. ಮುಚ್ಚಳ ತೆಗೆದು ಇಣುಕುವ ಒಂದು ನಿಮಿಷದ ಕೆಲಸವದು. ಇಂಜಿನು ತಣಿದ ಮೇಲೆ ತೆಗೆಯಬೇಕು, ಅಷ್ಟೆ.

ಸಂದೇಹವಿದ್ದರೆ ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ರಾತ್ರಿಯೆಲ್ಲ ಕದಲದಂತೆ ಇಡಬೇಕು. ನೀರು ಹೆಚ್ಚಾಗಿದ್ದರೆ ಕೆಲವಂಶ ಅಡಿಗಿಳಿಯುವುದು. ಆ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಕೆಲವು ಹನಿಗಳನ್ನು ಹಾಕಿದರೆ, ಕಡಲ ನೀರಾಗಿದ್ದಲ್ಲಿ ಮೊಸರಿನಂಥ ದಟ್ಟ ಬಿಳಿ ಗಸಿ ಕಟ್ಟುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಮಕ್ಕಳು ಇದನ್ನು ಮಾಡಿ ತೋರಿಸಬಲ್ಲರು. ನಾಲಗೆಗೆ ಹಚ್ಚಿ ರುಚಿ ನೋಡುವ ಕೆಲವರ ಪದ್ಧತಿ ಮಾತ್ರ ಸಲ್ಲದು. ಹಳೆಯ ಇಂಜಿನ್ ಎಣ್ಣೆ ವಿಷ.

ಕೂಲರಿನ ಚೇಷ್ಟೆ ಇನ್ನೊಂದು ಬಗೆಯದು. ಇಂಜಿನು ಓಡುವಾಗ ಎಣ್ಣೆಯ ಒತ್ತಡ ನೀರಿನದಕ್ಕಿಂತ ಹೆಚ್ಚು. ಆದುದರಿಂದ ತೂತಿನ ಮೂಲಕ ಎಣ್ಣೆಯೇ ನೀರಿಗೆ ಹೋಗುತ್ತದೆ. ನಿಲ್ಲಿಸಿದ ಬಳಿಕ ನೀರು ಎಣ್ಣೆಯ ಕಡೆಗೆ ತಿರುಗುತ್ತದೆ. ಎಣ್ಣೆಯಲ್ಲಿ ನೀರು, ನೀರಿನಲ್ಲಿ ಎಣ್ಣೆ ಎರಡೂ ಕಂಡಲ್ಲಿ ಹೆಡ್ಡಿಗೆ ಕೈಹಚ್ಚುವ ಮೊದಲು ಕೂಲರನ್ನು ಕಳಚಿ, ಗಾಳಿಯ ಒತ್ತಡ ಕೊಟ್ಟು, ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೋ ನೋಡತಕ್ಕದ್ದು. ಸೈಕಲ್ ಟ್ಯೂಬಿಗೆ ಪಂಚರ್ ಹಾಕುವವನು ಮಾಡುವುದೂ ಇದನ್ನೇ. ಲೈನರಿನ ಮೇಲೆ ಗುಮಾನಿಯಿದ್ದರೆ ಇಂಜಿನಿನ ಅಡಿಯ ಚೇಂಬರನ್ನು ತೆಗೆದು, ಸಿಹಿನೀರಿನ ಕೊಳವೆಗಳಿಗೆ ಕೈಪಂಪಿನಿಂದ ಒತ್ತಡ ಹಾಕಿ, ಕೆಳಗೆ ಕಾಗದ ಹಾಸಿ ಕಾಯಬೇಕು. ಯಾವ ಲೈನರಿನ ನೇರದಲ್ಲಿ ಹನಿ ಬಿತ್ತೆಂಬುದನ್ನು ಕಾಗದವೇ ಹೇಳುತ್ತದೆ.

ಎಣ್ಣೆಯ ಡಬ್ಬಿಯ ಮೇಲೂ ಒಂದು ಕಣ್ಣಿರಲಿ. ಮಳೆಯಲ್ಲಿ ನೆಟ್ಟಗೆ ನಿಲ್ಲಿಸಿದ ಪೀಪಾಯಿಯ ತಲೆಯ ಮೇಲೆ ನೀರು ನಿಂತು, ಹಗಲಿನ ಬಿಸಿಲಿಗೂ ರಾತ್ರಿಯ ತಂಪಿಗೂ ಪೀಪಾಯಿ ಉಸಿರಾಡಿದಂತೆಲ್ಲ ಬಿರಡೆಯ ಸಂದಿನಿಂದ ಒಳಗಿಳಿಯುತ್ತದೆ. ನೀರು ಕುಡಿದ ಎಣ್ಣೆಯನ್ನು ನಾವೇ ಹೊಯ್ದು ಇಂಜಿನನ್ನು ಬೈದ ಪ್ರಸಂಗಗಳೂ ಉಂಟು.

"ಸದ್ಯಕ್ಕೆ ಎಣ್ಣೆ ಬದಲಿಸಿ ಒಂದು ಟ್ರಿಪ್ಪು ಮುಗಿಸಿಬಿಡೋಣ" ಎಂಬ ಮಾತಿಗೆ ನಾನು ಒಪ್ಪಲಾರೆ. ಉಪ್ಪುನೀರು ತಾಗಿದ ಬೇರಿಂಗಿಗೆ ದಿವಸಗಳ ಲೆಕ್ಕದಲ್ಲಿ ತುಕ್ಕು ಹಿಡಿಯುತ್ತದೆ. ನೀರು ಸಿಲಿಂಡರಿನೊಳಗೆ ನಿಂತಿದ್ದಾಗ ಸ್ಟಾರ್ಟ್ ಮಾಡಿದರಂತೂ, ನೀರು ಗಾಳಿಯಂತೆ ಕುಗ್ಗದಿರುವುದರಿಂದ, ಕನೆಕ್ಟಿಂಗ್ ರಾಡೇ ಬಾಗುವುದು. ಹಾಗೆ ಸಂಶಯವಿದ್ದಲ್ಲಿ ಇಂಜೆಕ್ಟರುಗಳನ್ನು ತೆಗೆದು ಇಂಜಿನನ್ನು ಕೈಯಿಂದ ತಿರುಗಿಸಿ ನೋಡಬೇಕು. ದಡದಿಂದ ಒಂದು ದಿನದ ದೂರದಲ್ಲಿ ಇಂಜಿನು ಕೆಟ್ಟು ಗಾಳಿಯೆದ್ದರೆ ತೊಂದರೆಗೆ ಸಿಕ್ಕುವವರು ಹಣ ಹಾಕಿದ ನಾವಲ್ಲ; ಹಿಡಿದ ಮೀನಿನ ಬೆಲೆಯಲ್ಲಿ ಪಾಲಿಗಾಗಿ ಹೋದ ತಾಂಡೇಲನೂ ಆಳುಗಳೂ.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ವರೆಗೆ 61 ದಿವಸ ಯಂತ್ರದ ದೋಣಿಗಳಿಗೆ ಕಡಲು ಮುಚ್ಚಿರುತ್ತದೆ. ಬಣ್ಣ ಬಳಿಯುವುದಕ್ಕೂ ಬಲೆ ಹೆಣೆಯುವುದಕ್ಕೂ ಸಿಗುವ ಆ ಅವಧಿಯಲ್ಲಿ ಕೂಲರಿಗೂ ಪಂಪಿಗೂ ಒಂದೊಂದು ದಿನ ದೊರೆಯಬೇಡವೆ? ದೋಣಿಯ ಮಾಲಿಕರ ಸಂಘಗಳು ಬಂದರದಲ್ಲಿ ಒಂದು ಮೇಜು, ನಾಲ್ಕು ಬಾಟಲಿ, ಒತ್ತಡದ ಒಂದು ಕೈಪಂಪು ಇಡುವುದು ಅಸಾಧ್ಯವಾದ ಕಾರ್ಯವಲ್ಲ. ಅದಕ್ಕೆ ವಂತಿಗೆ ಕೇಳಿದರೆ ಮುಂಬಯಿಯಿಂದ ನಾವು ಕೊಟ್ಟೇವು.

ನಮ್ಮ ದೋಣಿಗೆ ಸೀಲು ಹಾಕಿದ ಮೇಲೆ, ಎಣ್ಣೆ ಹೊಯ್ದು, ಕಾಯಿಸಿ, ಇಳಿಸಿ, ಹೀಗೆ ಮೂರು ಸಲ ತೊಳೆದರು. ಮೂರನೆಯ ಸಲ ತಗಡಿನ ಮೇಲೆ ಸದ್ದಾಗಲಿಲ್ಲವೆಂದು ತಮ್ಮನು ತಿಳಿಸಿದ್ದಾನೆ. ಮೊದಲ ನಾಲ್ಕು ದಿನಗಳ ಉಪ್ಪು ಬೇರಿಂಗಿನಲ್ಲಿ ಏನು ಮಾಡಿದೆಯೆಂಬುದು ಜೂನಿನಲ್ಲಿ ಬಿಚ್ಚಿದಾಗ ಗೊತ್ತಾಗಬೇಕು.