ಸಾವಿರಕ್ಕೆ ತಲುಪದ ಹಾಡಿಗೆ ಕಾಸಿಲ್ಲ

ತಾವೇ ಬರೆದು, ರಾಗ ಕಟ್ಟಿ ಹಾಡುವ ಸ್ವತಂತ್ರ ಗಾಯಕರ ಸಂಪಾದನೆಯ ಲೆಕ್ಕಾಚಾರ 2024ರಲ್ಲಿ ಬದಲಾಯಿತು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಪ್ರಸಾರವಾಗದ ಧ್ವನಿಮುದ್ರಣಕ್ಕೆ ಸ್ಪಾಟಿಫೈ ರಾಯಲ್ಟಿ ನೀಡುವುದಿಲ್ಲ. ಇಂಥ ಚಿಲ್ಲರೆ ಮೊತ್ತ ಕಲಾವಿದರ ಕೈಸೇರುವುದೇ ಅಪರೂಪ ಎಂಬುದು ಕಂಪನಿಯ ಸಮರ್ಥನೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆ ಹಣ ಸೇರುವುದು ಗೆರೆ ದಾಟಿದ ಹಾಡುಗಳಿಗೆ, ಉಳ್ಳವರಿಗೇ ಮತ್ತಷ್ಟು.

ಸಿನಿಮಾದ ಆಸರೆಯಿಲ್ಲದ ಹೊಸ ಕನ್ನಡ ಗೀತೆಗೆ ಸಾವಿರವೂ ಸಣ್ಣ ಸಂಖ್ಯೆಯಲ್ಲ. ಸಮಾಧಾನವೆಂದರೆ, ಈ ನಿಯಮ ಧ್ವನಿಮುದ್ರಣಕ್ಕಷ್ಟೇ ಸೀಮಿತ. ಸಾಹಿತ್ಯ ಹಾಗೂ ಸ್ವರ ಸಂಯೋಜನೆಯ ರಾಯಲ್ಟಿ ಬೇರೆಯೇ; 2012ರ ಕೃತಿಸ್ವಾಮ್ಯ ತಿದ್ದುಪಡಿ ಅದನ್ನು ರಚನಕಾರರ ಹಕ್ಕಾಗಿ ಭದ್ರಪಡಿಸಿದೆ. ಅದನ್ನು ಸಂಗ್ರಹಿಸಿ ಹಂಚುವುದು ಐಪಿಆರ್‌ಎಸ್ ಸಂಸ್ಥೆ. ಗಿಟಾರ್ ಹಿಡಿದು ಊರೂರು ಸುತ್ತುವ ನಮ್ಮ ಹುಡುಗರಲ್ಲಿ ಅಲ್ಲಿ ಹೆಸರು ನೋಂದಾಯಿಸಿದವರೆಷ್ಟು?